ಬಾಡಿಗೆಯ ಮನೆಯ ಸುಣ್ಣಬಣ್ಣ: ಬಿಡುವಾಗಿನ ಹೊಣೆಯೂ ದಿನಗೂಲಿಯವನ ಸ್ಥಾನವೂ

೧

ದೇವಾಲಯ ಅರಮನೆಗಳನ್ನು ಕಟ್ಟಿಸಿದವರ ಚರಿತ್ರೆ ನಮಗೆ ಶಾಸನಗಳಿಂದ ದೊರೆಯುತ್ತದೆ. ಊರನ್ನು ಬೆಳೆಸಿದವರ ಚರಿತ್ರೆ ಸರ್ಕಾರದ ದಾಖಲೆಗಳಲ್ಲಿದೆ. ಆದರೆ ಮನೆಯೊಂದನ್ನು ಬಾಡಿಗೆಗೆ ಹಿಡಿದು, ಕೆಲವು ವರ್ಷ ಬಾಳಿ, ಬೀಗದ ಕೈಯನ್ನು ಮಾಲೀಕನಿಗೆ ಒಪ್ಪಿಸಿ ಹೊರಟವರ ವ್ಯವಹಾರವು ಚರಿತ್ರಕಾರನ ಗಮನಕ್ಕೆ ಬರುವುದು ವಿರಳ. ಆ ವ್ಯವಹಾರದ ಕೊನೆಯ ಅಂಕವಾದ ಸುಣ್ಣಬಣ್ಣದ ಕೆಲಸವನ್ನು ಕುರಿತು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಬೆಂಗಳೂರಿನಲ್ಲಿ ಬಾಡಿಗೆಯ ಮನೆಯನ್ನು ಬಿಡುವ ಸಂಸಾರವು ಸಾಮಾನ್ಯವಾಗಿ ಎರಡು ಮಾರ್ಗಗಳಲ್ಲಿ ಒಂದನ್ನು ಹಿಡಿಯುತ್ತದೆ. ಮಾಲೀಕನಲ್ಲಿರುವ ಮುಂಗಡದ ಹಣದಿಂದ ಒಂದು ತಿಂಗಳ ಬಾಡಿಗೆಯಷ್ಟನ್ನು ಬಣ್ಣದ ಖರ್ಚೆಂದು ಮುರಿದುಕೊಳ್ಳಲು ಒಪ್ಪುವುದು ಒಂದು ಮಾರ್ಗ. ಇಬ್ಬರು ಮೂವರು ದಿನಗೂಲಿಯವರನ್ನು ಕರೆತಂದು, ಬಣ್ಣವನ್ನು ತಾನೇ ಕೊಂಡುಕೊಟ್ಟು, ಸಾಮಾನು ಸಾಗಿಸಿದ ಬರಿಯ ಕೋಣೆಗಳಿಗೆ ಎರಡು ಕೈ ಬಣ್ಣ ಹೊಡೆಸಿ ಮನೆಯನ್ನು ಒಪ್ಪಿಸುವುದು ಇನ್ನೊಂದು ಮಾರ್ಗ. ಮೇಲುನೋಟಕ್ಕೆ ಇದು ಇಬ್ಬರ ನಡುವಣ ಲೆಕ್ಕಾಚಾರ. ವಾಸ್ತವದಲ್ಲಿ ಇಲ್ಲಿ ಮೂವರು ಇದ್ದಾರೆ: ಮಾಲೀಕ, ಬಾಡಿಗೆದಾರ, ಏಣಿಯ ಮೇಲೆ ನಿಂತ ಕೂಲಿಕಾರ. ಮೊದಲಿನ ಇಬ್ಬರ ಹೆಸರು ಕರಾರುಪತ್ರದಲ್ಲಿರುತ್ತದೆ. ಮೂರನೆಯವನ ಹೆಸರು ಎಲ್ಲಿಯೂ ಇರುವುದಿಲ್ಲ. ಗೋಡೆಯ ಹೊಣೆ ಯಾರದೆಂಬ ಪ್ರಶ್ನೆಗೆ ಕಾಲಕಾಲಕ್ಕೆ ದೊರೆತ ಉತ್ತರಗಳನ್ನು ಪರಿಶೀಲಿಸಿದರೆ, ಆ ಹೊಣೆಯನ್ನು ಕೈಯಾರೆ ತೀರಿಸುವವನ ವಿಷಯದಲ್ಲಿ ಕಾನೂನು ಎಷ್ಟು ತಡವಾಗಿ ಬಾಯಿ ತೆರೆಯಿತೆಂಬುದೂ ಗೊತ್ತಾಗುತ್ತದೆ.

೨

ಮೊದಲು ಸುಣ್ಣದ ಮಾತು. ‘ಸುಣ್ಣ’ವು ಸಂಸ್ಕೃತದ ‘ಚೂರ್ಣ’ ಶಬ್ದದ ತದ್ಭವ. ಹಳಗನ್ನಡದ ‘ಸೊದೆ’ ಎಂಬುದು ‘ಸುಧಾ’ ಶಬ್ದದಿಂದ ಬಂದುದು. ಅದಕ್ಕೆ ಅಮೃತವೆಂದೂ ಸುಣ್ಣದ ಗಾರೆಯೆಂದೂ ಎರಡು ಅರ್ಥಗಳುಂಟು. ಉತ್ತರ ಕರ್ನಾಟಕದಲ್ಲಿ ‘ಸುಣಗಾರ’ ಎಂಬ ಅಡ್ಡಹೆಸರು ಇಂದಿಗೂ ಉಳಿದಿದ್ದು, ಸುಣ್ಣ ಸುಡುವ ವೃತ್ತಿಯನ್ನು ನೆನಪಿಗೆ ತರುತ್ತದೆ. ಸುಣ್ಣದ ಕಲ್ಲನ್ನೋ, ಕರಾವಳಿಯಲ್ಲಾದರೆ ಚಿಪ್ಪನ್ನೋ ಗೂಡಿನಲ್ಲಿ ಸುಟ್ಟು, ನೀರು ಹಾಕಿ ಅರಳಿಸಿ, ತಿಳಿಮಾಡಿ, ಅಂಟಿಗಾಗಿ ಗೋಂದನ್ನೋ ಗಂಜಿಯನ್ನೋ ಬೆರೆಸಿ, ಬೆಳ್ಳಗೆ ಕಾಣುವುದಕ್ಕೆ ಚಿಟಿಕೆ ನೀಲಿಯನ್ನು ಸೇರಿಸಿ, ನಾರಿನ ಕುಂಚದಿಂದ ಗೋಡೆಗೆ ಬಳಿಯುತ್ತಿದ್ದರು. ಬಳಿದ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಮತ್ತೆ ಕಲ್ಲಿನ ಗುಣವನ್ನೇ ಪಡೆಯುತ್ತದೆ. ಇದು ಅಗ್ಗದ ಕೆಲಸ. ಮನೆಯವರೇ ಮಾಡಿಕೊಳ್ಳಬಹುದಾದ ಕೆಲಸ. ಆದರೆ ಬಾಳಿಕೆ ಕಡಿಮೆ. ಮುಟ್ಟಿದರೆ ಕೈಗೆ ಹತ್ತುವುದು, ಮಳೆ ಹೊಡೆದರೆ ಕರಗುವುದು ಅದರ ಸ್ವಭಾವ. ಆದುದರಿಂದ ವರ್ಷಕ್ಕೊಮ್ಮೆ ಬಳಿಯುವುದು ಅನಿವಾರ್ಯವಾಗಿತ್ತು. ಸೀಮೆಯ ಪದ್ಧತಿಯಂತೆ ಯುಗಾದಿಗೋ ನವರಾತ್ರಿಗೋ ದೀಪಾವಳಿಗೋ, ಇಲ್ಲವೆ ಮನೆಯಲ್ಲಿ ಮದುವೆ ನಿಶ್ಚಯವಾದಾಗಲೋ ಸುಣ್ಣ ಹೊಡೆಯುತ್ತಿದ್ದುದಕ್ಕೆ ಶ್ರದ್ಧೆಯಷ್ಟೇ ಈ ವಸ್ತುಗುಣವೂ ಕಾರಣ.

ದುರಸ್ತಿಯ ಹೊಣೆಯನ್ನು ಸ್ಪಷ್ಟವಾಗಿ ಬರೆದಿಡುವ ಪದ್ಧತಿಯೂ ನಮ್ಮಲ್ಲಿ ಹೊಸದಲ್ಲ. ಕನ್ನಡ ನಾಡಿನ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಪದೇಪದೇ ಬರುತ್ತದೆ. ಒಡೆದುದನ್ನೂ ಬಿರುಕುಬಿಟ್ಟುದನ್ನೂ ಸರಿಪಡಿಸುವುದು, ಹಳತಾದುದನ್ನು ಎತ್ತಿ ನಿಲ್ಲಿಸುವುದು ಎಂದು ಇದರ ತಾತ್ಪರ್ಯ. ಪೂಜೆಗೆ, ನೈವೇದ್ಯಕ್ಕೆ, ಅನ್ನದಾನಕ್ಕೆ ಬಿಡುವಂತೆಯೇ ಈ ಕೆಲಸಕ್ಕೂ ಭೂಮಿಯನ್ನೋ ತೆರಿಗೆಯ ಹುಟ್ಟುವಳಿಯನ್ನೋ ಬಿಡುತ್ತಿದ್ದರು. ಕಟ್ಟಡವು ಕಾಲಧರ್ಮದಿಂದ ಸವೆಯುತ್ತದೆ, ಆ ಸವೆತಕ್ಕೆ ಕಟ್ಟಡದ ಹುಟ್ಟುವಳಿಯಿಂದಲೇ ವೆಚ್ಚ ನಡೆಯಬೇಕು ಎಂಬ ತಿಳಿವಳಿಕೆ ಇದರಲ್ಲಿ ಅಡಗಿದೆ. ದೇವಾಲಯಕ್ಕೂ ಬಾಡಿಗೆಯ ಮನೆಗೂ ಅಂತರ ಬಹಳ. ಆದರೂ ಮುಂದೆ ಬರುವ ಚರ್ಚೆಗೆ ಈ ತತ್ತ್ವವನ್ನು ನೆನಪಿಡುವುದು ಉಪಯುಕ್ತ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸುಣ್ಣಕ್ಕೆ ಇನ್ನೊಂದು ಅರ್ಥ ಬಂದಿತು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ೧೮೯೮ರಲ್ಲಿ ಬೆಂಗಳೂರನ್ನು ಮುಟ್ಟಿತು. ಸೋಂಕು ತಗಲಿದ ಮನೆಗಳನ್ನು ತೆರವುಮಾಡಿಸಿ, ಔಷಧ ಸಿಂಪಡಿಸಿ, ಸುಣ್ಣ ಹೊಡೆಸುವುದು ಆ ಕಾಲದ ಆರೋಗ್ಯಾಧಿಕಾರಿಗಳ ಕ್ರಮಗಳಲ್ಲಿ ಒಂದಾಗಿತ್ತು. ಹಬ್ಬದ ಅಲಂಕಾರವಾಗಿದ್ದುದು ಸರ್ಕಾರದ ಶಾಸನವಾಯಿತು. ಈ ಭಾವನೆ ಮುಂದೆಯೂ ನಡೆದುಬಂದಿತು. ೧೯೪೮ರ ಕಾರ್ಖಾನೆಗಳ ಕಾಯಿದೆಯು ಕಾರ್ಖಾನೆಯ ಒಳಗೋಡೆಗಳಿಗೆ, ಬೇರೆ ಬಣ್ಣ ಬಳಿದಿಲ್ಲದ ಪಕ್ಷದಲ್ಲಿ, ೧೪ ತಿಂಗಳಿಗೊಮ್ಮೆಯಾದರೂ ಸುಣ್ಣ ಹೊಡೆಸಬೇಕೆಂದು ವಿಧಿಸಿ, ಅದರ ತಾರೀಖುಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದೂ ಹೇಳಿತ್ತು. ಕಾರ್ಖಾನೆಯಲ್ಲಿ ಈ ಹೊಣೆ ಮಾಲೀಕನದೆಂಬುದರಲ್ಲಿ ಸಂದೇಹವೇ ಇರಲಿಲ್ಲ. ಸಂದೇಹ ಉಳಿದುದು ಬಾಡಿಗೆಯ ಮನೆಯಲ್ಲಿ.

೩

ಪ್ಲೇಗಿನ ಅನಂತರ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಮುಂತಾದ ಬಡಾವಣೆಗಳು ಬೆಳೆದುವು. ೧೯೪೦ರಲ್ಲಿ ವಿಮಾನ ಕಾರ್ಖಾನೆ, ೧೯೪೮ರಲ್ಲಿ ದೂರವಾಣಿ ಕಾರ್ಖಾನೆ, ೧೯೫೩ರಲ್ಲಿ ಯಂತ್ರೋಪಕರಣಗಳ ಕಾರ್ಖಾನೆ, ೧೯೫೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪಿತವಾದುವು. ಉದ್ಯೋಗವನ್ನರಸಿ ಬಂದವರಿಗೆ ಮನೆ ಬೇಕಾಯಿತು. ವಠಾರಗಳೂ ಬಿಡಿಮನೆಗಳೂ ಬಾಡಿಗೆಗೆ ಹೋದುವು. ಬಾಡಿಗೆಯನ್ನು ಹತೋಟಿಯಲ್ಲಿಡಲು ಮೈಸೂರು ಸಂಸ್ಥಾನದಲ್ಲಿ ೧೯೫೧ರ ಕಾಯಿದೆಯೂ, ವಿಶಾಲ ಮೈಸೂರು ರಾಜ್ಯದಲ್ಲಿ ೧೯೬೧ರ ಕಾಯಿದೆಯೂ ಬಂದುವು. ಅವುಗಳ ಮುಖ್ಯ ಲಕ್ಷ್ಯ ಬಾಡಿಗೆಯ ಮೊತ್ತ ಮತ್ತು ತೆರವು. ಗೋಡೆಯ ಬಣ್ಣವನ್ನು ಕುರಿತ ತತ್ತ್ವಕ್ಕೆ ಬೇರೊಂದು ಕಡೆ ನೋಡಬೇಕು.

೧೮೮೨ರ ಸ್ವತ್ತು ವರ್ಗಾವಣೆ ಕಾಯಿದೆಯ ೧೦೮ನೆಯ ಪ್ರಕರಣವು, ಗೇಣಿದಾರನು ಸ್ವತ್ತನ್ನು ತನ್ನ ವಶಕ್ಕೆ ಬಂದಾಗ ಇದ್ದಷ್ಟೇ ಒಳ್ಳೆಯ ಸ್ಥಿತಿಯಲ್ಲಿ ಇಟ್ಟುಕೊಂಡು, ಅವಧಿ ಮುಗಿದಾಗ ಹಾಗೆಯೇ ಹಿಂದಿರುಗಿಸಬೇಕೆಂದು ಹೇಳುತ್ತದೆ. ಅದೇ ಉಸಿರಿನಲ್ಲಿ ಎರಡು ವಿನಾಯಿತಿಗಳನ್ನೂ ಕೊಡುತ್ತದೆ: ನ್ಯಾಯವಾದ ಬಳಕೆಯಿಂದಾದ ಸವೆತ, ಮತ್ತು ತಡೆಯಲಾಗದ ಶಕ್ತಿಯಿಂದಾದ ಹಾನಿ. ಐದು ವರ್ಷ ಬಾಳಿದ ಮನೆಯ ಗೋಡೆ ಮಾಸಿದ್ದರೆ ಅದು ಸವೆತ. ಗೋಡೆಯಲ್ಲಿ ಹಾರೆಯಿಂದ ರಂಧ್ರ ಕೊರೆದಿದ್ದರೆ ಅದು ಹಾನಿ. ಈ ವಿವೇಚನೆಯಂತೆ ಸಾಮಾನ್ಯವಾಗಿ ಮಾಸಿದ ಗೋಡೆಗೆ ಬಣ್ಣ ಹೊಡೆಸುವ ಹೊಣೆ ಬಾಡಿಗೆದಾರನ ಮೇಲೆ ಬೀಳಲಾರದು. ಆದರೆ ಇದೇ ಪ್ರಕರಣದ ಆರಂಭದಲ್ಲಿ, ಬೇರೆ ಕರಾರಾಗಲಿ ಸ್ಥಳೀಯ ರೂಢಿಯಾಗಲಿ ಇಲ್ಲದಿದ್ದಲ್ಲಿ ಮಾತ್ರ ಈ ನಿಯಮ ಅನ್ವಯಿಸುವುದೆಂಬ ಮಾತಿದೆ. ಕಾನೂನು ಮುಂಬಾಗಿಲಿನಲ್ಲಿ ತಡೆದುದು ಈ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿತು.

ಇಂಗ್ಲೆಂಡಿನಲ್ಲಿಯೂ ಇದೇ ತೊಡಕು ತಲೆದೋರಿತ್ತು. ೧೮೯೦ರ ಪ್ರೌಡ್‌ಫುಟ್–ಹಾರ್ಟ್ ಮೊಕದ್ದಮೆಯಲ್ಲಿ, ಮನೆಯನ್ನು ವಾಸಯೋಗ್ಯವಾದ ಒಳ್ಳೆಯ ಸ್ಥಿತಿಯಲ್ಲಿ ಬಿಟ್ಟುಕೊಡುವುದಾಗಿ ಒಪ್ಪಿದ ಬಾಡಿಗೆದಾರನು ಗೋಡೆಗೆ ಕಾಗದ ಅಂಟಿಸಿ, ಬಣ್ಣ, ಸುಣ್ಣ ಹೊಡೆಸಿಕೊಡಬೇಕೇ ಎಂಬ ಪ್ರಶ್ನೆ ಬಂದಿತು. ಮನೆಯ ವಯಸ್ಸು, ಅದರ ದರ್ಜೆ, ಅದಿರುವ ಕೇರಿ ಇವುಗಳನ್ನು ನೋಡಿ, ಅಂತಹ ಮನೆಯನ್ನು ಹಿಡಿಯುವ ವಿವೇಕಿಯಾದ ಬಾಡಿಗೆದಾರನಿಗೆ ಅದು ಒಪ್ಪಿಗೆಯಾಗುವಂತಿದ್ದರೆ ಸಾಕು. ಕೇವಲ ಹಳತಾಯಿತೆಂಬ ಕಾರಣಕ್ಕೆ ಎಲ್ಲವನ್ನೂ ಹೊಸದುಮಾಡಿಕೊಡಬೇಕಾಗಿಲ್ಲ ಎಂಬುದು ಅಪೀಲು ನ್ಯಾಯಾಲಯದ ಅಭಿಪ್ರಾಯದ ಸಾರ. ಜರ್ಮನಿಯಲ್ಲಂತೂ ಮನೆ ಬಿಡುವಾಗ ಬಾಡಿಗೆದಾರನೇ ಬಣ್ಣ ಹೊಡೆಸುವ ಷರತ್ತು ಅಚ್ಚಾದ ಕರಾರುಗಳಲ್ಲಿ ಬಹುಕಾಲ ರೂಢವಾಗಿತ್ತು. ಬಣ್ಣವಿಲ್ಲದ ಮನೆಯನ್ನು ತಕ್ಕ ಪರಿಹಾರ ಕೊಡದೆ ಒಪ್ಪಿಸಿದ್ದರೆ, ಇಂತಹ ಅಚ್ಚು ಷರತ್ತಿನ ಮೂಲಕ ಬಾಡಿಗೆದಾರನ ಮೇಲೆ ಆ ಹೊಣೆಯನ್ನು ಹೊರಿಸಲಾಗದೆಂದು ಅಲ್ಲಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯವು ೨೦೧೫ರ ಮಾರ್ಚಿಯಲ್ಲಿ ತೀರ್ಪಿತ್ತಿತು. ತಾನು ಪಡೆದುದಕ್ಕಿಂತ ಉತ್ತಮವಾದುದನ್ನು ಒಬ್ಬನು ಹಿಂದಿರುಗಿಸಬೇಕೆಂದು ಕೇಳುವುದು ನ್ಯಾಯವಲ್ಲ ಎಂಬುದೇ ಈ ಜರ್ಮನ್ ತೀರ್ಪಿನಿಂದ ಹೊರಡುವ ತತ್ತ್ವ.

೪

ಹಾಗಾದರೆ ಬೆಂಗಳೂರಿನ ಒಂದು ತಿಂಗಳ ಬಾಡಿಗೆಯ ರೂಢಿಗೆ ಕಾರಣವೇನು? ವಸ್ತುವಿನಲ್ಲಾದ ಬದಲಾವಣೆ ಒಂದು ಕಾರಣವೆಂದು ತೋರುತ್ತದೆ. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ೧೯೩೭ರಲ್ಲಿ, ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪಿತವಾಯಿತು. ಚುನಾವಣೆಯ ಅಳಿಸಲಾಗದ ಶಾಯಿಯಿಂದ ಅದು ಮುಂದೆ ದೇಶಕ್ಕೆಲ್ಲ ಪರಿಚಿತವಾಯಿತು. ಮುಂಬಯಿ, ಕಲ್ಕತ್ತೆಗಳ ಕಾರ್ಖಾನೆಗಳ ಸರಕೂ ಪೇಟೆಗೆ ಬಂದಿತು. ಸುಣ್ಣದ ಸ್ಥಾನದಲ್ಲಿ ಡಿಸ್ಟೆಂಪರ್, ಡಿಸ್ಟೆಂಪರಿನ ಸ್ಥಾನದಲ್ಲಿ ಎಮಲ್ಷನ್ ನೆಲೆಸಿದುವು. ಇವು ಹೆಚ್ಚು ವರ್ಷ ಬಾಳುತ್ತವೆ. ಆದರೆ ಬೆಲೆ ಹೆಚ್ಚು, ಕೆಲಸವೂ ಹೆಚ್ಚು. ಹಳೆಯ ಪದರವನ್ನು ಕೆರೆಯಬೇಕು, ಬಿರುಕಿಗೆ ಪುಟ್ಟಿ ತುಂಬಬೇಕು, ಉಪ್ಪುಕಾಗದದಿಂದ ಉಜ್ಜಬೇಕು, ಪ್ರೈಮರ್ ಹಚ್ಚಬೇಕು, ಆಮೇಲೆ ಎರಡು ಕೈ ಬಣ್ಣ. ವರ್ಷಕ್ಕೊಮ್ಮೆ ಮನೆಯವರೇ ಮಾಡುತ್ತಿದ್ದ ಅಗ್ಗದ ಕೆಲಸವು ಹಲವು ವರ್ಷಗಳಿಗೊಮ್ಮೆ ಕೂಲಿಕೊಟ್ಟು ಮಾಡಿಸುವ ದುಬಾರಿ ಕೆಲಸವಾಯಿತು. ಹಬ್ಬದ ದಿನಕ್ಕೆ ಕಟ್ಟಿಕೊಂಡಿದ್ದ ಕೆಲಸವು ಅದರಿಂದ ಕಳಚಿ, ಮನೆ ಬರಿದಾಗುವ ದಿನಕ್ಕೆ, ಎಂದರೆ ಬಾಡಿಗೆದಾರ ಬದಲಾಗುವ ದಿನಕ್ಕೆ, ತಗುಲಿಕೊಂಡಿತು.

ಎರಡನೆಯ ಕಾರಣ ಮುಂಗಡ. ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆಯಷ್ಟನ್ನು ಮುಂಗಡವಾಗಿ ಪಡೆಯುವ ರೂಢಿ ಬಹುಕಾಲದಿಂದ ಪ್ರಸಿದ್ಧವಾದುದು. ಹಣ ಮಾಲೀಕನ ಕೈಯಲ್ಲಿರುವಾಗ, ಹೊಣೆ ಯಾರದೆಂಬ ವಿವಾದವು ನ್ಯಾಯಾಲಯದವರೆಗೆ ಹೋಗುವುದು ಕಷ್ಟ. ಮುರಿದುಕೊಂಡ ಮೇಲೆ ಕೇಳುವವನ ಪಾಲಿಗೇ ಅಲೆದಾಟ. ೧೯೦೮ರ ನೋಂದಣಿ ಕಾಯಿದೆಯಂತೆ ಒಂದು ವರ್ಷಕ್ಕೆ ಮೀರಿದ ಗೇಣಿಯನ್ನು ನೋಂದಾಯಿಸಬೇಕಾಗುವುದರಿಂದ ಹನ್ನೊಂದು ತಿಂಗಳ ಕರಾರು ರೂಢಿಗೆ ಬಂದಿತು. ಬಣ್ಣದ ಷರತ್ತು ಅದರೊಳಗೆ ಸೇರಿತು. ೨೦೦೧ರ ಡಿಸೆಂಬರ್ ೩೧ರಂದು ಜಾರಿಗೆ ಬಂದ ೧೯೯೯ರ ಕರ್ನಾಟಕ ಬಾಡಿಗೆ ಕಾಯಿದೆಯು ಬೆಂಗಳೂರಿನಂತಹ ಪಟ್ಟಣಗಳಲ್ಲಿ ತಿಂಗಳಿಗೆ ೩,೫೦೦ ರೂಪಾಯಿಗೆ ಮೀರಿದ ಬಾಡಿಗೆಯ ಮನೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟುದರಿಂದ, ಅಂತಹ ಮನೆಗಳಿಗೆ ಕರಾರೇ ಶಾಸನವಾಗಿ ಪರಿಣಮಿಸಿತು.

ಈ ರೂಢಿಯ ದೋಷವನ್ನು ಒಂದು ಸರಳವಾದ ಲೆಕ್ಕದಿಂದ ತಿಳಿಯಬಹುದು. ಬಾಡಿಗೆ ತಿಂಗಳಿಗೆ ೨೦,೦೦೦ ರೂಪಾಯಿ ಎಂದಿಟ್ಟುಕೊಳ್ಳೋಣ. ಹನ್ನೊಂದು ತಿಂಗಳು ಇದ್ದು ಬಿಟ್ಟವನು ಬಣ್ಣಕ್ಕಾಗಿ ತಿಂಗಳೊಂದಕ್ಕೆ ಸುಮಾರು ೧,೮೧೮ ರೂಪಾಯಿ ತೆತ್ತಂತಾಯಿತು. ಅದೇ ಬಾಡಿಗೆಯಲ್ಲಿ ಐದು ವರ್ಷ ಇದ್ದವನು ತೆತ್ತುದು ಸುಮಾರು ೩೩೩ ರೂಪಾಯಿ. ಗೋಡೆಯನ್ನು ಕಡಮೆ ಸವೆಸಿದವನೇ ಹೆಚ್ಚು ತೆರುತ್ತಾನೆ. ಇದು ಸವೆತದ ಬೆಲೆಯಲ್ಲ, ಹೊರಡುವುದಕ್ಕೆ ವಿಧಿಸಿದ ಸುಂಕ. ಕೂಲಿಯವರನ್ನು ತಾನೇ ಕರೆತರುವ ಬಾಡಿಗೆದಾರನು ಈ ಸುಂಕವನ್ನು ಕಡಮೆಮಾಡಿಕೊಳ್ಳಲು ಯತ್ನಿಸುತ್ತಾನೆ. ೨೦೨೧ರ ಜೂನ್ ೨ರಂದು ಕೇಂದ್ರ ಮಂತ್ರಿಮಂಡಲವು ಒಪ್ಪಿ ರಾಜ್ಯಗಳಿಗೆ ಕಳುಹಿಸಿದ ಮಾದರಿ ಬಾಡಿಗೆ ಕಾಯಿದೆಯು ವಾಸದ ಮನೆಗೆ ಮುಂಗಡವನ್ನು ಎರಡು ತಿಂಗಳ ಬಾಡಿಗೆಗೆ ಮಿತಿಗೊಳಿಸಿತು. ಬೇರೆ ಕರಾರಿಲ್ಲದಿದ್ದಲ್ಲಿ ಗೋಡೆಯ ಸುಣ್ಣವನ್ನೂ ಬಾಗಿಲು ಕಿಟಕಿಗಳ ಬಣ್ಣವನ್ನೂ ಮಾಲೀಕನ ಪಟ್ಟಿಗೆ ಸೇರಿಸಿತು. ನಲ್ಲಿಯ ವಾಷರು, ಬೀಗ, ಗಾಜುಗಳನ್ನು ಬಾಡಿಗೆದಾರನ ಪಟ್ಟಿಗೆ ಬಿಟ್ಟಿತು. ಕಟ್ಟಡದ ಸವೆತಕ್ಕೆ ಕಟ್ಟಡದ ಹುಟ್ಟುವಳಿಯೇ ಹೊಣೆ ಎಂಬ ಹಳೆಯ ತತ್ತ್ವವೇ ಇಲ್ಲಿ ಹೊಸ ಮಾತಿನಲ್ಲಿ ಬಂದಿದೆ. ಆದರೆ ಇದು ಮಾದರಿ ಮಾತ್ರ. ರಾಜ್ಯವು ತನ್ನ ಶಾಸನವನ್ನಾಗಿ ಮಾಡಿಕೊಳ್ಳದೆ ಇದಕ್ಕೆ ಬಲವಿಲ್ಲ.

೫

ಇನ್ನು ಮೂರನೆಯವನ ವಿಚಾರ. ಪಟ್ಟಣದ ಕೆಲವು ವೃತ್ತಗಳಲ್ಲಿ, ಉತ್ತರ ಕರ್ನಾಟಕದವರು ಅಡ್ಡಾ ಅಥವಾ ನಾಕಾ ಎನ್ನುವ ಸ್ಥಳಗಳಲ್ಲಿ, ಬೆಳಗಿನ ಹೊತ್ತು ಕುಂಚ, ರೋಲರು, ಡಬ್ಬಿಗಳನ್ನು ಹಿಡಿದು ಕೂಲಿಕಾರರು ನಿಂತಿರುತ್ತಾರೆ. ಕಲಬುರಗಿ, ರಾಯಚೂರು, ಯಾದಗಿರಿ ಕಡೆಯವರು, ತಮಿಳುನಾಡಿನವರು, ಈಚೆಗೆ ಬಿಹಾರ, ಒಡಿಶಾ, ಬಂಗಾಳದವರು ಇವರಲ್ಲಿದ್ದಾರೆ. ಕೆಲಸ ಬಲ್ಲವನು ಪೇಂಟರು. ಕೆರೆಯುವ, ಉಜ್ಜುವ, ಬಕೆಟ್ಟು ಹೊರುವವನು ಕೈಯಾಳು. ಅವನ ಕೂಲಿ ಕಡಮೆ. ಕೂಲಿ ದಿನದ ಲೆಕ್ಕದಲ್ಲಿರಬಹುದು, ಇಲ್ಲವೆ ಒಟ್ಟು ಮನೆಗೆ ಇಷ್ಟೆಂದು ಗುತ್ತಿಗೆಯಾಗಿರಬಹುದು. ದಿನದ ಲೆಕ್ಕವಾದರೆ ಕೆಲಸ ನಿಧಾನವಾದೀತೆಂದು ಕರೆದವನಿಗೆ ಅಂಜಿಕೆ. ಗುತ್ತಿಗೆಯಾದರೆ ಗೋಡೆಯ ಒಳಗಿನ ತೇವ, ಉದುರುವ ಗಾರೆ ಕಂಡಮೇಲೆ ದಿನ ಹೆಚ್ಚಿ ತನಗೆ ನಷ್ಟವಾದೀತೆಂದು ಕೂಲಿಕಾರನಿಗೆ ಅಂಜಿಕೆ. ಎಲ್ಲವೂ ಬಾಯಿಮಾತಿನ ಒಪ್ಪಂದ.

ಅಪಾಯಗಳೂ ಅಲ್ಪವಲ್ಲ. ಸುಣ್ಣ ಕಣ್ಣಿಗೆ ಸಿಡಿದರೆ ಸುಡುತ್ತದೆ. ಏಣಿ ಜಾರುವುದು, ತಂತಿಗೆ ಕೈ ತಗಲುವುದು ಇದ್ದದ್ದೇ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವು ಹತ್ತು ಲಕ್ಷಕ್ಕೆ ೯೦ ಭಾಗವನ್ನು ಮೀರಬಾರದೆಂಬ ೨೦೧೬ರ ನಿಯಮ ಜಾರಿಗೆ ಬಂದುದು ೨೦೧೭ರ ನವೆಂಬರಿನಲ್ಲಿ. ಅದಕ್ಕೆ ಹಿಂದೆ ಬಳಿದ ಬಾಗಿಲು ಕಿಟಕಿಗಳ ಎನಾಮೆಲ್ ಬಣ್ಣವನ್ನು ಉಜ್ಜುವಾಗ ಏಳುವ ಧೂಳಿನಲ್ಲಿ ಸೀಸವಿರಬಹುದು. ಅದನ್ನು ಉಸಿರಾಡುವವನು ಕೈಯಾಳು.

ಇಂತಹವನು ಏಣಿಯಿಂದ ಬಿದ್ದರೆ ಹೊಣೆ ಯಾರದು? ಇಂಗ್ಲೆಂಡಿನ ೧೯೦೬ರ ಕಾಯಿದೆಯು ಕಾರ್ಮಿಕರ ಪರಿಹಾರದಿಂದ ಒಂದು ವರ್ಗವನ್ನು ಹೊರಗಿಟ್ಟಿತು: ಯಾರ ನೇಮಕವು ತಾತ್ಕಾಲಿಕವೋ, ಮತ್ತು ನೇಮಿಸಿಕೊಂಡವನ ವ್ಯಾಪಾರ ವ್ಯವಹಾರಕ್ಕೆ ಸಂಬಂಧಿಸಿದುದಲ್ಲವೋ ಅವರು. ಖಾಸಗಿ ಮನೆಯ ಕಿಟಕಿಗಳನ್ನು ಕರೆದಾಗ ಬಂದು ತೊಳೆಯುತ್ತಿದ್ದವನು ಈ ವರ್ಗಕ್ಕೆ ಸೇರುತ್ತಾನೆಂದು ೧೯೦೮ರ ಹಿಲ್–ಬೆಗ್ ಮೊಕದ್ದಮೆಯಲ್ಲಿ ತೀರ್ಮಾನವಾಯಿತು. ಭಾರತದ ೧೯೨೩ರ ಕಾರ್ಮಿಕರ ಪರಿಹಾರ ಕಾಯಿದೆಯು ಅದೇ ಮಾತನ್ನು ತನ್ನ ವ್ಯಾಖ್ಯೆಯಲ್ಲಿ ಸೇರಿಸಿಕೊಂಡಿತು. ಬಾಡಿಗೆಯ ಮನೆಗೆ ಬಣ್ಣ ಹೊಡೆಯಲು ಎರಡು ದಿನಕ್ಕಾಗಿ ಬಂದವನನ್ನು ಆ ಮಾತು ಪೂರ್ಣವಾಗಿ ಹೊರಗಿಟ್ಟಿತು: ಅವನ ಕೆಲಸ ತಾತ್ಕಾಲಿಕ; ಕರೆದ ಬಾಡಿಗೆದಾರನು ಗುಮಾಸ್ತನೋ ಉಪಾಧ್ಯಾಯನೋ ಆಗಿದ್ದು, ಬಣ್ಣ ಅವನ ವ್ಯವಹಾರವಲ್ಲ. ಈ ಮಾತನ್ನು ವ್ಯಾಖ್ಯೆಯಿಂದ ತೆಗೆದುಹಾಕಿದುದು ೨೦೦೦ದ ತಿದ್ದುಪಡಿ. ನಡುವೆ ಕಳೆದುದು ೭೭ ವರ್ಷ.

೧೯೯೬ರಲ್ಲಿ ಕಟ್ಟಡ ಕಾರ್ಮಿಕರಿಗಾಗಿಯೇ ಒಂದು ಕಾಯಿದೆ ಬಂದಿತು. ಅದು ಅನ್ವಯಿಸಿದುದು ಹತ್ತು ಅಥವಾ ಹೆಚ್ಚು ಮಂದಿ ಕಟ್ಟಡ ಕಾರ್ಮಿಕರಿರುವ ಸಂಸ್ಥೆಗಳಿಗೆ. ಸ್ವಂತ ವಾಸದ ಮನೆಗಾಗಿ ಹತ್ತು ಲಕ್ಷ ರೂಪಾಯಿಗೆ ಮೀರದ ಕೆಲಸ ಮಾಡಿಸುವ ವ್ಯಕ್ತಿಯನ್ನು ಅದು ಹೊರಗಿಟ್ಟಿತು. ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಈ ಮಿತಿ ಐವತ್ತು ಲಕ್ಷಕ್ಕೆ ಏರಿತು. ಆ ಸಂಹಿತೆ ಜಾರಿಗೆ ಬಂದುದು ೨೦೨೫ರ ನವೆಂಬರ್ ೨೧ರಂದು. ೧೯೯೬ರ ಕಾಯಿದೆಯಂತೆ ಕರ್ನಾಟಕದಲ್ಲಿ ಕಲ್ಯಾಣ ಮಂಡಲಿಯು ೨೦೦೭ರಲ್ಲಿ ರಚಿತವಾಯಿತು. ಅದರ ಫಲಾನುಭವಿಯಾಗಲು ೧೮ರಿಂದ ೬೦ ವರ್ಷದೊಳಗಿನವನಾಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ ೯೦ ದಿನ ಕಟ್ಟಡದ ಕೆಲಸ ಮಾಡಿರಬೇಕೆಂಬುದು ನಿಯಮ. ದೊಡ್ಡ ಗುತ್ತಿಗೆದಾರನ ಬಳಿ ದುಡಿದವನಿಗೆ ತೊಂಬತ್ತು ದಿನಗಳ ಪತ್ರ ಒಂದೇ ಸಹಿಯಿಂದ ದೊರೆಯುತ್ತದೆ. ದಿನಕ್ಕೊಂದು ಮನೆಯಲ್ಲಿ ದುಡಿಯುವವನು ಅಷ್ಟೆಲ್ಲ ಮನೆಗಳ ಜನರನ್ನು ಎಲ್ಲಿ ಹುಡುಕಿಯಾನು? ಅವರಲ್ಲಿ ಬಹುಮಂದಿ, ಕೆಲಸದ ಸ್ವರೂಪಕ್ಕೆ ಅನುಸಾರವಾಗಿಯೇ, ಅದೇ ವಾರ ಆ ಮನೆಯನ್ನು ಬಿಟ್ಟುಹೋದವರು. ಆದುದರಿಂದ ಅವನು ಸಂಘದ ಅಥವಾ ಅಧಿಕಾರಿಯ ದೃಢೀಕರಣವನ್ನು ಆಶ್ರಯಿಸಬೇಕಾಗುತ್ತದೆ.

೬

ಮೇಲ್ಕಂಡ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದು: ಸವೆತದ ಹೊಣೆ ಬಾಡಿಗೆದಾರನದಲ್ಲವೆಂಬ ತತ್ತ್ವವು ೧೮೮೨ರಿಂದಲೂ ಶಾಸನದಲ್ಲಿದೆ, ಅದನ್ನು ಮೀರಿ ನಿಂತುದು ಮುಂಗಡದ ಬಲವನ್ನು ಪಡೆದ ರೂಢಿ. ಎರಡನೆಯದು: ಬಣ್ಣದ ಹೊಣೆ ಮಾಲೀಕನಿಂದ ಬಾಡಿಗೆದಾರನಿಗೆ ಜಾರಿದಂತೆಲ್ಲ, ಬಣ್ಣ ಹೊಡೆಯುವವನು ಶಾಸನದ ರಕ್ಷಣೆಯಿಂದ ದೂರಕ್ಕೆ ಜಾರಿದನು. ಹತ್ತಾರು ಮನೆಗಳ ಮಾಲೀಕನು ಒಬ್ಬ ಗುತ್ತಿಗೆದಾರನಿಂದ ಕೆಲಸ ಮಾಡಿಸಿದರೆ ಅಲ್ಲಿ ಲೆಕ್ಕವಿರುತ್ತದೆ, ಹೊಣೆಗಾರನಿರುತ್ತಾನೆ. ಮನೆ ಬಿಡುವ ಅವಸರದಲ್ಲಿರುವ ಸಂಸಾರವು ವೃತ್ತದಿಂದ ಕರೆತಂದವನಿಗೆ ಇವೆರಡೂ ಇಲ್ಲ. ಬಾಡಿಗೆದಾರನ ಪ್ರಶ್ನೆಯನ್ನೂ ಕೂಲಿಕಾರನ ಪ್ರಶ್ನೆಯನ್ನೂ ಬೇರೆಬೇರೆ ಕಾಯಿದೆಗಳಿಗೆ ಹಂಚಿ ನೋಡುವುದರಿಂದ ಈ ಸಂಬಂಧವು ಮರೆಯಾಗುತ್ತದೆ.

ಇತಿಹಾಸದ ವಿದ್ಯಾರ್ಥಿಗಳಿಗೆ ಇಲ್ಲಿ ಸಂಗ್ರಹಕಾರ್ಯಕ್ಕೆ ಅವಕಾಶವಿದೆ. ಹಳೆಯ ಬಾಡಿಗೆ ಕರಾರುಗಳು, ಮುಂಗಡ ಹಿಂದಿರುಗಿಸಿದ ರಶೀದಿಗಳು, ಮನೆಯ ಜಮಾಖರ್ಚಿನ ಪುಸ್ತಕಗಳಲ್ಲಿ ಸುಣ್ಣಕ್ಕೆ ಇಷ್ಟು, ಕೂಲಿಗೆ ಇಷ್ಟು ಎಂದು ಬರೆದ ಸಾಲುಗಳು ಇವೆಲ್ಲ ಪಟ್ಟಣದ ಚರಿತ್ರೆಗೆ ಸಾಮಗ್ರಿಯೇ. ಮನೆ ಬದಲಾಯಿಸುವಾಗ ಮೊದಲು ತಿಪ್ಪೆಗೆ ಹೋಗುವುದೂ ಇಂತಹ ಕಾಗದಗಳೇ. ಅವುಗಳನ್ನು ಉಳಿಸಿ ಓದುವವರು ಮಾಲೀಕನ ಹೆಸರನ್ನೂ ಬಾಡಿಗೆದಾರನ ಹೆಸರನ್ನೂ ಸುಲಭವಾಗಿ ಕಾಣುವರು. ಕೂಲಿಯ ಸಾಲಿನಲ್ಲಿ ಹೆಸರಿನ ಬದಲು ಬರಿಯ ‘ಆಳು ೨’ ಎಂದಿರುವುದನ್ನೂ ಅವರು ಗಮನಿಸಿ ಬರೆದುಕೊಳ್ಳಬೇಕು.